ತೂಕದ ಪುಸ್ತಕ

ಜಿಗಿಂಶೋರ್ ಬಂದರಿನಲ್ಲಿ ಕಾಟಾದವನು ನಾನು,
ಅಹುನ್ ಸಾಂಬು. ಮೂಟೆ ತೂಗುವುದು ಕೆಲಸ.
ಒಣಮೀನು, ಇದ್ದಿಲು, ತಾಳೆಯೆಣ್ಣೆ, ನಿಂಬೆ.
ಮುಳ್ಳು ಹೇಳಿದ್ದನ್ನು ನೀಲಿ ಗೆರೆಯ ಪುಸ್ತಕ
ಕೇಳಿಸಿಕೊಳ್ಳುತ್ತಿತ್ತು. ಅಷ್ಟೇ ನಮ್ಮ ಮೂವರ ಸಂಸಾರ.

ಜೋಲಾ ಬಂತೆಂದರೆ ಊರಿಗೆ ಊರೇ ನದಿಗಿಳಿಯುವುದು.
ವರುಷದ ಮೇಲೆ ರಿಪೇರಿಯಲ್ಲಿ ಮಲಗಿದ್ದ ಹಡಗು
ಎರಡು ವಾರದ ಹಿಂದಷ್ಟೇ ಎದ್ದು ಬಂದಿತ್ತು.
ನೆಲದ ದಾರಿಯಲ್ಲಿ ಗ್ಯಾಂಬಿಯಾದ ಗಡಿ,
ಬಂದೂಕು ಹಿಡಿದ ಹುಡುಗರು, ಲಂಚ. ಕಡಲಲ್ಲಾದರೆ
ಮಧ್ಯಾಹ್ನ ಹತ್ತಿ ಮಲಗಿದರೆ ಬೆಳಿಗ್ಗೆ ಡಕಾರ್.
ಶಾಲೆ ತೆರೆಯುವ ಕಾಲ ಬೇರೆ.

ಆಯಿಂಪೆನ್ ಬಂದಳು ಮೂರು ಡಬ್ಬ ಎಣ್ಣೆ ಹೊತ್ತು,
ಎಣ್ಣೆಗಿಂತ ಹೆಚ್ಚು ಜಗಳ ಹೊತ್ತು:
"ಡಬ್ಬದ ತೂಕ ಕಳೆ, ಅಹುನ್. ತಗಡಿಗೂ ಸುಂಕವೇ?"
"ಬೊಗಸೆಯಲ್ಲಿ ತಾ, ಕಳೆಯುತ್ತೇನೆ."
ನಕ್ಕಳು. ಕೊನೆಗೆ ಅರ್ಧ ಕಿಲೋ ಕಳೆದೆ.
ಅಷ್ಟರಲ್ಲಿ ಅವಳ ಮಗ ಎಡು
ಕಾಟಾದ ಮೇಲೆ ಹತ್ತಿ ಕುಕ್ಕರುಗಾಲಲ್ಲಿ ಕೂತಿದ್ದ,
ಮಾರಾಟಕ್ಕಿಟ್ಟ ಕುಂಬಳಕಾಯಿಯ ಗಾಂಭೀರ್ಯದಲ್ಲಿ.
ಮುಳ್ಳು ಹದಿನಾಲ್ಕಕ್ಕೆ ಹೋಗಿ ನಡುಗುತ್ತ ನಿಂತಿತು.
"ಬರೆದುಕೋ ಮಾಮ," ಎಂದ.
"ಇಳಿಯೋ ಕಳ್ಳ. ಐದು ತುಂಬದವರಿಗೆ
ಟಿಕೆಟ್ಟೂ ಇಲ್ಲ, ತೂಕವೂ ಇಲ್ಲ."
ಇಳಿದ. ಮುಳ್ಳು ಸೊನ್ನೆಗೆ ಬಂತು.
ನಾನು ಇದ್ದಿಲಿನ ಮೂಟೆ ಎಳೆದುಕೊಂಡೆ.

ಕಟ್ಟಿದ್ದು ಐನೂರೈವತ್ತು ಚಿಲ್ಲರೆ ಜನಕ್ಕೆ.
ಹಗ್ಗ ಬಿಚ್ಚುವಾಗಲೇ ಹಡಗು ಒಂದು ಕಡೆ ವಾಲಿತ್ತು,
ಸೊಂಟದ ಮೇಲೆ ಕೂಸನ್ನೆತ್ತಿಕೊಂಡ ಹೆಂಗಸಿನ ಹಾಗೆ.
ಎಲ್ಲರೂ ಕಂಡೆವು.
ತೂಕ ಬಲ್ಲವನು ನಾನು, ನಾನೂ ಕಂಡೆ.
ಜೋಲಿ ಹೊಡೆಯುವುದು ಅದರ ನಡಿಗೆ, ಎಂದರು ಯಾರೋ.
ಹೌದೆಂದೆ. ಊಟಕ್ಕೆ ಹೋದೆ.

ಕರಬಾನ್ ದ್ವೀಪದಲ್ಲಿ ಇನ್ನಷ್ಟು ಜನ ದೋಣಿಯಿಂದ ಹತ್ತಿದರಂತೆ.
ರಾತ್ರಿ ಹನ್ನೊಂದರ ಹೊತ್ತಿಗೆ ಗಾಳಿ ಮಳೆಯಂತೆ.
ನೆನೆಯಬಾರದೆಂದು ಜನ ಒಂದೇ ಕಡೆ ಸರಿದರಂತೆ.
ನಿದ್ದೆಯಲ್ಲಿ ಮಗ್ಗುಲಾಗುವಂತೆ ಮಗುಚಿತಂತೆ.
ಐದು ನಿಮಿಷ.
ಇಷ್ಟೆಲ್ಲ ‘ಅಂತೆ’ಗಳನ್ನು ದಡಕ್ಕೆ ತಂದವರು
ಅರುವತ್ತನಾಲ್ಕು ಜನ; ಮತ್ತೆ
ಬಲೆ ಬಿಟ್ಟು ಕೈ ಹಿಡಿದೆಳೆದ ಮೀನುಗಾರರು.
ಸತ್ತವರು ಸಾವಿರದೆಂಟುನೂರು ದಾಟಿದರು, ಎಂದಿತು ರೇಡಿಯೋ.
ದಾಟಿದರು! ಎಷ್ಟು ದಾಟಿದರೆಂದು ಇವತ್ತಿಗೂ ಗುದ್ದಾಟ.

ನನ್ನ ಪುಸ್ತಕ ಕೇಳಿಕೊಂಡು ಬಂದರು, ಟೈ ಕಟ್ಟಿದವರು.
ಪುಟ ತಿರುವಿದರು. ನಿಂಬೆಯ ಲೆಕ್ಕ ಸರಿಯಿತ್ತು.
ಒಣಮೀನಿನ ಲೆಕ್ಕ ಸರಿಯಿತ್ತು. ಆಯಿಂಪೆನ್‌ಳ ಎಣ್ಣೆ
ಅರ್ಧ ಕಿಲೋ ಕಳೆದು ಸರಿಯಿತ್ತು.
"ಅಚ್ಚುಕಟ್ಟು ಮನುಷ್ಯ," ಎಂದು ಬೆನ್ನು ತಟ್ಟಿ ಹೋದರು.
ಆ ಬೆನ್ನು ಊರಿ ಮಲಗಲಾಗಲಿಲ್ಲ ಬಹಳ ದಿನ.

ಹಡಗು ಇನ್ನೂ ತಳದಲ್ಲೇ ಇದೆ.
ಎತ್ತಿ, ಎಂದು ತಾಯಂದಿರು ಸೆಪ್ಟೆಂಬರ್ ಬಂದಾಗಲೆಲ್ಲ ಕೇಳುತ್ತಾರೆ.
ನಾನು ಕೂತಲ್ಲೇ ತೂಗಲು ನೋಡುತ್ತೇನೆ:
ಕಬ್ಬಿಣ ಇಷ್ಟು, ಒಳಗೆ ತುಂಬಿದ ಮರಳು ಇಷ್ಟು,
ಡಬ್ಬ ಸಹಿತ ಎಣ್ಣೆ.
ಟನ್ನುಗಟ್ಟಲೆ ಓಡಿದ ಮುಳ್ಳು
ಹಿಂದಕ್ಕೆ ಬಂದು ಹದಿನಾಲ್ಕರಲ್ಲಿ ನಡುಗುತ್ತದೆ.

ಈಗ ಬೇರೆ ಹಡಗು. ಎಲ್ಲರನ್ನೂ ಎಣಿಸುತ್ತಾರೆ.
ಮೊಲೆಯುಣ್ಣುವ ಕೂಸಿಗೂ ಹೆಸರು ಬರೆದ ಚೀಟಿ.
ನಿನ್ನೆ ಒಬ್ಬಳು ಕಿಟಕಿಯೆದುರು ಜಗಳ ತೆಗೆದಿದ್ದಳು:
"ಇದಕ್ಕೂ ಒಂದು ಚೀಟಿಯೇ? ಎಷ್ಟಿದ್ದೀತು ಇದರ ಭಾರ?"
ಕೆಲಸ ಬಿಟ್ಟು ಎಂಟು ವರುಷ; ಸುಮ್ಮನೆ ಬಂದು ಕೂರುವ ಮುದುಕ ನಾನು,
ಎದ್ದು ಹೋಗಿ "ಇಟ್ಟುಕೋ ತಾಯಿ," ಎಂದೆ. ಬೇರೇನೂ ಹೊಳೆಯಲಿಲ್ಲ.
ಗೊಣಗುತ್ತ ತೆಗೆದುಕೊಂಡಳು.
ಕೂಸು ಅದನ್ನು ಕಿತ್ತು, ಬಾಯಿಗಿಟ್ಟು, ಚೀಪತೊಡಗಿತು.