ಹೆಗಲಿನ ಅಳತೆ

ಆ ಪಾರ್ಸೆಲ್ಲು ತಂದುಕೊಟ್ಟವನು ನಾನೇ.
ನಾಪೋಕ್ಲು ಅಂಚೆಗೆ ಇಟಲಿಯ ಮುದ್ರೆ ಬಂದದ್ದು ಅದೇ ಮೊದಲು.
ಒಳಗೆ ಎರಡು ಹಲಗೆ, ಬೆಣೆಯ ಹಾಗೆ ಸೀಳಿದ್ದು,
ಬೆಳ್ಳಗೆ, ಹಗುರ.
ಕಸ್ಟಮ್ಸಿನವರು ಒಂದು ಮೂಲೆ ಕೆರೆದು ನೋಡಿದ್ದರು.

ಐರಿ ಬೆಳ್ಯಪ್ಪ ಸಹಿ ಹಾಕುವ ಮೊದಲು ಮೂಸಿದ.
'ಹಿಮದಲ್ಲಿ ಬೆಳೆದದ್ದು' ಅಂದ, ಹಿಮ ಕಂಡವನ ಹಾಗೆ.
ಉಗುರಿನಲ್ಲಿ ಗೆರೆ ಎಣಿಸಿದ,
ವರ್ಷಕ್ಕೆ ಕೂದಲೆಳೆಯಷ್ಟೇ ದಪ್ಪವಾದ ಮರ.
'ನಮ್ಮ ಸಿಲ್ವರ್ ಓಕಿಗೆ ಇಷ್ಟು ತಾಳ್ಮೆ ಎಲ್ಲಿ?'

ಅವನಪ್ಪ ಕೋವಿಗೆ ಬುಡ ಕೆತ್ತುತ್ತಿದ್ದವನು, ಅಜ್ಜನೂ.
ಬೀಟೆಯ ತುಂಡು, ಹೆಗಲಿಗೆ ಕೂರುವ ತಗ್ಗು,
ಗಲ್ಲ ಒರಗುವ ಉಬ್ಬು.
ಯಾವ ಒಕ್ಕದ ಯಾರ ತೋಳು ಎಷ್ಟುದ್ದ
ಎಲ್ಲ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಇನ್ನೂ ಇದೆ.
ಎಷ್ಟೋ ತೋಳು ಈಗ ಇಲ್ಲ.

ಪಕ್ಕದ ಗೋಡೆಗೆ ಕ್ರೆಮೋನಾದ ನಕ್ಷೆ,
ಮುನ್ನೂರು ವರ್ಷ ಹಿಂದಿನ ಒಂದು ಪಿಟೀಲಿನ ನೆರಳು,
ನಿಜದಷ್ಟೇ ಉದ್ದ, ನಾಲ್ಕು ಮೊಳೆಯಲ್ಲಿ.
'ಇದೂ ಹೆಗಲಿಗೇ, ಇದೂ ಗಲ್ಲಕ್ಕೇ.
ಸದ್ದೊಂದು ಬೇರೆ' ಅನ್ನುತ್ತಿದ್ದ.

ಮೊದಲನೆಯದು ಕಕ್ಕಡದಲ್ಲಿ ಬಾಯಿಬಿಟ್ಟಿತು.
ಸರೇಸು ನೀರು ಕುಡಿದು
ಬೆನ್ನು ಒಂದು ದಿಕ್ಕು, ಹೊಟ್ಟೆ ಒಂದು ದಿಕ್ಕು.
ಎರಡನೆಯದಕ್ಕೆ ಮದ್ದುಸೊಪ್ಪಿನ ರಸ ಬಳಿದ,
ಹದಿನೆಂಟರ ಪಾಯಸಕ್ಕೆ ಹಿಂಡಿ ಉಳಿದದ್ದು.
ನೇರಳೆ ಪಿಟೀಲು!
ಹೆಂಡತಿ ಪೊನ್ನವ್ವ ನಕ್ಕದ್ದು ಪೋಸ್ಟಾಫೀಸಿಗೆ ಕೇಳಿತು.
ಮೂರನೆಯದು ಮೂಗಿನಲ್ಲಿ ಹಾಡಿತು. ಒಲೆಗೆ ಹಾಕಲು ಮನಸ್ಸಾಗದೆ
ಅವಳೇ ಅದರ ಹೊಟ್ಟೆಗೆ ಸೌತೆಬೀಜ ತುಂಬಿ
ಅಟ್ಟದ ಕೊಕ್ಕೆಗೆ ತೂಗುಹಾಕಿದಳು.

ನಾಲ್ಕನೆಯದಕ್ಕೆ ಕುಡಿಯರ ಮುತ್ತಣ್ಣ
ಬೆಟ್ಟದಿಂದ ಕರಿಧೂಪ ಇಳಿಸಿಕೊಟ್ಟ.
ಅಗಸೆ ಎಣ್ಣೆಯಲ್ಲಿ ಕಾಯಿಸಿ, ತೆಳ್ಳಗೆ, ಹದಿನಾಲ್ಕು ಸಲ.
ಇಟಲಿಯವರ ಗುಟ್ಟು ಮೆರುಗಿನಲ್ಲಿತ್ತಂತೆ,
ಯಾರಿಗೂ ಹೇಳದೆ ಹೋದರಂತೆ.
'ಹೇಳುವುದಿಲ್ಲ ಅಂದಿರಲಿಕ್ಕಿಲ್ಲ' ಅಂದ ಬೆಳ್ಯಪ್ಪ,
'ಯಾರೂ ಕೂತು ಕೇಳಿರಲಿಕ್ಕಿಲ್ಲ.'

ಒಳಗೆ ನಿಲ್ಲಿಸುವುದಕ್ಕೆ ಒಂದು ಕಡ್ಡಿ, ಕಿರುಬೆರಳಿಗಿಂತ ಸಣ್ಣದು.
ಅಂಟಿಲ್ಲ, ಮೊಳೆಯಿಲ್ಲ,
ಮೇಲಿನ ಹಲಗೆಗೂ ಕೆಳಗಿನ ಹಲಗೆಗೂ ನಡುವೆ ಬರೀ ಒತ್ತಿ ನಿಲ್ಲಬೇಕು.
ಅದಕ್ಕೆ ಅಲ್ಲಿ ಜೀವ ಅನ್ನುತ್ತಾರಂತೆ.
ನಾನು ಟಾರ್ಚು ಹಿಡಿದೆ.
ಕೋವಿನಳಿಗೆ ಉಜ್ಜುವ ಸರಳನ್ನು ಬಗ್ಗಿಸಿ ಅವನು ಕಿಂಡಿಯಲ್ಲಿ ತೂರಿಸಿದ.
ಏಳು ಸಲ ಜೀವ ಬಿತ್ತು.
ಎಂಟನೆಯ ಸಲ ನಿಂತಾಗ
ಇಬ್ಬರೂ ಸುಮಾರು ಹೊತ್ತು ಮಾತಾಡಲಿಲ್ಲ.

ಮಡಿಕೇರಿಯಿಂದ ಬಂದರು ಭಾಗೀರಥಿ ಟೀಚರು,
ಮಕ್ಕಳಿಗೆ ಸರಳೆವರಸೆ ಹೇಳಿಕೊಡುವವರು.
ಬೆಳ್ಯಪ್ಪ ಪಿಟೀಲನ್ನು ಹೆಗಲಿಗೇರಿಸಿ
ಹೀಗೆ, ಎಂದು ತೋರಿಸಲು ನಿಂತ.
ಎಡಗಣ್ಣು ತಾನಾಗಿ ಮುಚ್ಚಿಕೊಂಡಿತ್ತು.

ಅವರು ಚಪ್ಪಲಿ ಬಿಟ್ಟರು.
ಮರದ ಪುಡಿಯ ಮೇಲೆಯೇ ಕೂತು
ಬಲಗಾಲು ಚಾಚಿ
ಅದರ ಸುರುಳಿ ತಲೆಯನ್ನು ಕಾಲಗಂಟಿನ ಮೇಲೆ ಮಲಗಿಸಿದರು.
ಯಾರ ಕಡೆಗೂ ಗುರಿಯಿಲ್ಲ.
ತೂಕಡಿಸುವ ಮಗುವಿನ ಹಾಗೆ ಅದು ನೆಲ ನೋಡುತ್ತಿತ್ತು.

ಷಡ್ಜಕ್ಕೆ ಕಮಾನು ತಾಗಿತು.
ಅಟ್ಟದ ಮೇಲಿನ ಪಿಟೀಲಿನೊಳಗೆ
ಸೌತೆಬೀಜ ಸಣ್ಣಗೆ ಗಲಗಲ ಅಂದವು.

ಬೆಳ್ಯಪ್ಪ ಸೀಮೆಸುಣ್ಣ ಹುಡುಕಿಕೊಂಡು ಬಾಗಿಲ ಹಿಂದೆ ಹೋದ.
ತೋಳುಗಳ ಸಾಲಿನ ಕೆಳಗೆ 'ಕಾಲಗಂಟು' ಎಂದು ಬರೆದ,
ಎಷ್ಟು ಇಂಚು ಎಂದು ತೋಚದೆ
ಅಲ್ಲೇ ನಿಂತ.

ನನಗೆ ಇನ್ನೂ ಹನ್ನೊಂದು ಕಾಗದ ಹಂಚುವುದಿತ್ತು.