ಕೆಳಸಾಲಿನ ಮುಖಗಳು

ಮಂಡ್ಯದ ಗುತ್ತಲು ರಸ್ತೆಯ ನಮ್ಮ ಫ್ಲೆಕ್ಸ್ ಅಂಗಡಿಗೆ
ಎಲ್ಲರಿಗಿಂತ ಮೊದಲು ಬರುತ್ತದೆ ಫಲಿತಾಂಶ.
ಪೇಪರಿನವರು ಆಮೇಲೆ. ಜೋಯಿಸರು ಇನ್ನೂ ಆಮೇಲೆ.

ಬೋರಲಿಂಗಯ್ಯನವರ ಬ್ಯಾನರು, ಹತ್ತಡಿಗೆ ಎಂಟು.
ನಡುವೆ ಅವರು, ಎದೆಗೆ ಕಟ್ಟಿದ ಕೈ.
"ನಗು ತೆಗಿಯವ್ವ" ಅಂದರು ಖುದ್ದಾಗಿ ಬಂದು,
"ನಗೋನಿಗೆ ಯಾರೂ ಹೆದರಾಕಿಲ್ಲ."
ತುಟಿಯ ಎರಡೂ ತುದಿ ಹಿಡಿದು ಮೌಸಿನಲ್ಲಿ ಕೆಳಗೆಳೆದೆ.
ಅರ್ಧ ಗಂಟೆ ಹಿಡಿಯಿತು. ಹಳೆಯ ನಗು, ಸುಲಭಕ್ಕೆ ಬಿಡಲಿಲ್ಲ.

ಭಾನುವಾರ ಪಕ್ಷದೊಳಗಿನ ಓಟು.
ಆರುನೂರ ಹನ್ನೆರಡು ಪ್ರತಿನಿಧಿಗಳು, ಒಂದು ಟಿಕೆಟ್ಟು.
ಈ ಕಡೆ ಕಾಳರಾಜು, ಎಲ್ಲರಿಗೂ ಬೇಕಾದವನು,
ಅಂದರೆ ಯಾರಿಗೂ ತೀರಾ ಬೇಕಾದವನಲ್ಲ;
ಆ ಕಡೆ ಇವರು, ಪಾರ್ಕಿನ ಬೆಂಚು ಕೀಳಿಸಿದವರು,
ಕಾಲೇಜು ಹುಡುಗಿಯರ ಪ್ರವಾಸ ನಿಲ್ಲಿಸಿದವರು,
"ದೀಪ ಹಚ್ಚೋ ಹೊತ್ತಿಗೆ ಹೆಣ್ಣು ಹೊಸಿಲೊಳಗಿರಬೇಕು"
ಎಂಬ ಸಾಲನ್ನು ಕೆಂಪಕ್ಷರದಲ್ಲಿ ದಪ್ಪಗೆ ಕೇಳಿದವರು.
ಅದನ್ನು ನಾನು ಟೈಪು ಮಾಡಿದಾಗ ರಾತ್ರಿ ಹತ್ತೂ ಮುಕ್ಕಾಲು.

ಗೆಲ್ಲುತ್ತಾರಾ? ಟೀ ತಂದ ಹುಡುಗನೂ ಕೇಳುತ್ತಾನೆ.

ನನ್ನ ಲೆಕ್ಕ ಕೆಳಸಾಲಿನದು.
ಬ್ಯಾನರಿನ ಬುಡದಲ್ಲಿ ದುಂಡು ದುಂಡಾಗಿ ಕೂರುವ
ಸಣ್ಣ ಮುಖಗಳು, ಶುಭ ಕೋರುವವರು.
ಸೋಮವಾರ ಇಪ್ಪತ್ತಮೂರು.
ಬುಧವಾರದ ಹೊತ್ತಿಗೆ ಮೂವತ್ತೊಂದು; ಜಾಗ ಸಾಲದೆ
ಅವರ ಪಂಚೆಯ ಅಂಚನ್ನೇ ಕತ್ತರಿಸಿದೆ.
ಕೆರಗೋಡಿನವರು, ಬಸರಾಳಿನವರು, ಡೇರಿಯವರು,
ಗರಡಿ ಹುಡುಗರು ಏಳು ಜನ, ಏಳಕ್ಕೂ ಒಂದೇ ಕಟ್ಟಿನ ಗಡ್ಡ.
ಇವರು ಬರುತ್ತಾರೆ. ಮಳೆ ಹುಯ್ದರೂ ಬರುತ್ತಾರೆ,
ಬಾಗಿಲು ತೆಗೆಯುವ ಮೊದಲೇ ಸಾಲು ನಿಲ್ಲುತ್ತಾರೆ.
ಕಾಳರಾಜುವಿನ ಜನ ಬಾಡೂಟ ಉಂಡು
ಕೈ ತೊಳೆದು ಮನೆಗೆ ಹೋಗುವ ಪೈಕಿ.

ಕಲ್ಯಾಣಮಂಟಪದೊಳಗೆ ಇವರದೇ. ಬರೆದಿಟ್ಟುಕೊಳ್ಳಿ.

ಮನೆ ಗೆದ್ದು ಮಾರು ಗೆಲ್ಲು ಅನ್ನುತ್ತಾರಲ್ಲ,
ಅಂದವರು ಮನೆಗೂ ಮಾರಿಗೂ ನಡುವಿನ
ಬೀದಿಯ ಅಗಲ ಹೇಳಲಿಲ್ಲ.

ಗುರುವಾರ ಮಧ್ಯಾಹ್ನ, ಅಂಗಡಿ ಖಾಲಿಯಿದ್ದಾಗ,
ಪಾತ್ರೆ ಅಂಗಡಿಯ ವಜ್ರಪ್ಪಶೆಟ್ಟರು ಒಳಗೆ ಬಂದು
ಫ್ಯಾನಿನ ಕೆಳಗೆ ಸುಮ್ಮನೆ ಕೂತರು. ಆಮೇಲೆ:
"ನನ್ನ ಮುಖ ಒಸಿ ತೆಗೆದುಬುಡವ್ವ.
ಓಟು ಅವರ್ಗೇಯ. ಮುಖ ಬ್ಯಾಡ.
ಮೊಮ್ಮಗಳು ಮೈಸೂರಲ್ಲಿ ಓದ್ತಾಳೆ, ಎಂಟರ ರೈಲಿಗೆ ಬತ್ತಾಳೆ."
ದುಡ್ಡು ವಾಪಸು ಕೇಳಲಿಲ್ಲ.
ಸಂಜೆಯೊಳಗೆ ಇನ್ನೂ ನಾಲ್ವರು, ಒಬ್ಬರಿಗೊಬ್ಬರು ಕಾಣದಂತೆ;
ಒಬ್ಬರ ನೆಪ ಮೈಲಿಗೆ, ಒಬ್ಬರದು ಬರೀ ಕೆಮ್ಮು.
ಐದು ದುಂಡು ಖಾಲಿ. ತಾವರೆ ಬೇಡವೆಂದು
ಸೇವಂತಿಗೆ ತುಂಬಿದೆ.

ಎಂಟರ ರೈಲಿನಲ್ಲಿ ಎಷ್ಟು ಜನ ಇಳಿಯುತ್ತಾರೆ,
ಗಾರ್ಮೆಂಟ್ಸ್ ವ್ಯಾನುಗಳಿಂದ ಎಷ್ಟು ಜನ,
ಟಿಫನ್ ಡಬ್ಬಿ ಬಗಲಿಗಿಟ್ಟು, ಸೆರಗು ಕೊಡವಿಕೊಂಡು?
ಅವರ್ಯಾರೂ ಆರುನೂರ ಹನ್ನೆರಡರಲ್ಲಿ ಇಲ್ಲ.
ಅವರ ಓಟು ಆಮೇಲಿನದು.

ಹಾಗಂತ ಸೋಲು ಎಂದು ಹೇಳಲಾರೆ.
ನಮ್ಮವ್ವನಿಗೆ ಈ ಮನುಷ್ಯ ಇಷ್ಟ.
"ಖಡಕ್ಕು. ಒಂದೇಟು, ಎರಡು ತುಂಡು" ಅನ್ನುತ್ತಾಳೆ,
"ಯೋಳೋದ್ರಲ್ಲಿ ತಪ್ಪೇನವ್ವ?" ಅನ್ನುತ್ತಾಳೆ,
ಅನ್ನುತ್ತಲೇ ನನ್ನ ಪರ್ಸು ತೆಗೆದು
ಗ್ಯಾಸಿಗೆ ದುಡ್ಡು ಎಣಿಸಿಕೊಳ್ಳುತ್ತಾಳೆ.
ಅವ್ವನನ್ನು ಯಾವ ಸಾಲಿನಲ್ಲಿ ಕೂರಿಸಲಿ?
ನನ್ನ ಲೆಕ್ಕ ಅಲ್ಲಿ ಕೈ ಕೊಡುತ್ತದೆ.

ಇಲಿಯಾಸ್ ಮೆಷಿನ್ ಓಡಿಸುತ್ತಾನೆ.
ಅವನ ಹೆಸರು ಬೋರಲಿಂಗಯ್ಯ ಕೇಳಿಲ್ಲ, ನಾವೂ ಹೇಳಿಲ್ಲ.
ಮೊದಲು ಸೇವಂತಿಗೆ ಬರುತ್ತದೆ, ಆಮೇಲೆ ಇಪ್ಪತ್ತಾರು ಮುಖ,
ಚಪ್ಪಲಿ, ಪಂಚೆ, ಕಟ್ಟಿದ ಕೈ, ಗದ್ದ.
"ಅಕ್ಕ, ಬಾಯಿ ನೋಡು" ಅಂದ, ಮೆಷಿನ್ ನಿಲ್ಲಿಸಿ.

ನೋಡಿದೆ. ಬಲತುದಿಯಲ್ಲಿ, ಮೀಸೆಯ ನೆರಳಲ್ಲಿ,
ಒಂದೆಳೆ ನಗು ಉಳಿದುಬಿಟ್ಟಿದೆ.
"ತೆಗೀಲಾ?"

ಹನ್ನೊಂದೂ ಇಪ್ಪತ್ತು. ಸ್ಕೂಟರಿನ ಕೀ ಹುಡುಕುತ್ತಿದ್ದೆ.
ಇರಲಿ ಬಿಡು, ಅಂದೆ.