ನಿಂಬಳ

ಸರ್ಕಾರಿ ನಮೂನೆಯಲ್ಲಿ ಆ ಕಲಮಿನ ಹೆಸರು ‘ಸ್ಥಿರತೆ’.
ಇದೆ, ಇಲ್ಲ. ಒಂದನ್ನು ಹೊಡೆದುಹಾಕಿ.
ಇಪ್ಪತ್ತಾರು ವರ್ಷ ಹೊಡೆದುಹಾಕಿದ್ದೇನೆ.

ತೂಕ ಅಳತೆ ಇಲಾಖೆ ನನ್ನದು.
ಚಿಂತಾಮಣಿ ಸಂತೆಗೆ ನಾನು ಕಾಲಿಡುವ ಮೊದಲೇ
ನಾನು ಬಂದ ಸುದ್ದಿ ಒಂದು ಸುತ್ತು ಹೊಡೆದು
ಟೀ ಕುಡಿದು ಕೂತಿರುತ್ತಿತ್ತು.
ತಟ್ಟೆಯಡಿಗೆ ಮೆತ್ತಿದ ಹುಣಸೆ ಉಂಡೆ,
ಟೊಳ್ಳು ಕಲ್ಲು, ಅಯಸ್ಕಾಂತದ ಚೂರು
ಎಲ್ಲ ಗೋಣಿಯ ಕೆಳಗೆ. ಗೋಣಿಯ ಮೇಲೆ
ವಿಧೇಯ ಮುಖಗಳು.

ಅವರೆಕಾಯಿ ಪಿಳ್ಳಮ್ಮ ಏನೂ ಮುಚ್ಚಿಡಲಿಲ್ಲ.
ಅವಳ ತಕ್ಕಡಿಯ ಮುಳ್ಳು ಮಾತ್ರ
ನಾನು ಕಲ್ಲಿಟ್ಟ ಮೇಲೂ ಅತ್ತ, ಇತ್ತ, ಮತ್ತೆ ಅತ್ತ.
ಬಿಸಿಲು. ಇನ್ನೂ ನಲವತ್ತು ಅಂಗಡಿ ಬಾಕಿ.
ಬೆರಳಿಟ್ಟು ನಿಲ್ಲಿಸಹೋದೆ.
‘ಮುಟ್ಬೇಡ ಸಾಮಿ,
ಅದರ ಪಾಡಿಗೆ ಅದು ನಿಂಬಳ ಆಗ್ಲಿ.’

ನಾನು ಹರಪನಹಳ್ಳಿ ಕಡೆಯವನು.
ನಿಂಬೆಹಣ್ಣೇನೋ ಎಂದುಕೊಂಡೆ.

ರಾತ್ರಿ ಲಾಡ್ಜಿನ ಪಕ್ಕದ ಕೋಣೆಯ ಮೇಷ್ಟ್ರು
ತೊಳೆದ ಪಂಚೆ ಹಿಂಡುತ್ತ ಬಿಡಿಸಿ ಹೇಳಿದರು:
ನಿರ್ಮಲ ಸವೆದು ನಿಮ್ಮಳ, ನಿಮ್ಮಳ ಸವೆದು ನಿಂಬಳ;
ಬಾಗೇಪಲ್ಲಿ ದಾಟಿದರೆ ಅದೇ ನಿಮ್ಮಳಂ.
ಎರಡು ಭಾಷೆಯ ನಾಲಿಗೆ ಉಜ್ಜಿ ಉಜ್ಜಿ
ಕೊಳೆ ಹೋದ ಪದವಪ್ಪ ಅದು, ಎಂದರು.
ಬರೆದುಕೊಂಡೆ, ಬಸ್ ಟಿಕೆಟ್ಟಿನ ಹಿಂದೆ.
ಟಿಕೆಟ್ಟು ಕಳೆಯಿತು. ಪದ ಮಾತ್ರ ನನ್ನನ್ನು ಬಿಡಲಿಲ್ಲ.

ಆಸ್ಪತ್ರೆ ಮೆಟ್ಟಿಲಲ್ಲಿ ಕೂತ ಅಜ್ಜಿ
ಒಳಗಿಂದ ಬಂದ ನರ್ಸಮ್ಮನ ಸೆರಗು ಹಿಡಿದು,
‘ಕೂಸಲ್ಲ, ನಮ್ ಹುಡುಗಿ ನಿಂಬಳವಾಗವ್ಳಾ?’
ಸೊಸೈಟಿಯ ಕೊನೆ ಕಂತು ಕಟ್ಟಿದ ದರ್ಜಿ ಖಲಂದರ್ ಸಾಬಿ
ಚೀಟಿ ಮಡಚಿ ಟೋಪಿಯೊಳಗಿಟ್ಟು, ‘ಈಗ ನಿಂಬಳ.’
ಒಂದು ದಿನ ಪಕ್ಕದ ಸೊಪ್ಪಿನವಳ
ಏಳು ತಲೆಮಾರನ್ನು ಬೈದು ಮುಗಿಸಿದ ಪಿಳ್ಳಮ್ಮ
ಬಾಯಿ ಮುಕ್ಕಳಿಸಿ ಎಲೆಗೆ ಸುಣ್ಣ ಸವರುತ್ತ
‘ಅಬ್ಬ, ನಿಂಬಳ ಆತು’ ಅಂದಳು.
ಶಾಂತಿ ಎಂದು ಬರೆದರೆ ಇದು ಹಿಡಿಸುತ್ತದೆಯೆ?

ಗಂಗಿರೆಡ್ಡಿಯ ಮಂಡಿಯಲ್ಲಿ ಆಳೆತ್ತರದ ತಕ್ಕಡಿ.
ಕಲ್ಲಿಟ್ಟೆ. ಮುಳ್ಳು ನೆಟ್ಟಗೆ ನಿಂತಿತು,
ಒಂದು ಕೂದಲೂ ಅಲ್ಲಾಡದೆ,
ಫೋಟೋಕ್ಕೆ ನಿಂತ ಮದುವಣಿಗನ ಹಾಗೆ.
‘ಸ್ಥಿರತೆ: ಇದೆ.’ ಸೀಸದ ಮುದ್ರೆಯನ್ನೂ ಒತ್ತಿಯಾಯಿತು.
ಕಾಳು ಅಳೆದುಕೊಡಲು ಬಂದಿದ್ದ ಪಿಳ್ಳಮ್ಮ
ನನ್ನನ್ನೂ ನೋಡಲಿಲ್ಲ, ರೆಡ್ಡಿಯನ್ನೂ ನೋಡಲಿಲ್ಲ.
ಮಡಿಲಿಂದ ಒಂದು ಅವರೆಕಾಳು ತೆಗೆದು ತಟ್ಟೆಗೆ ಹಾಕಿದಳು.
ಇನ್ನೊಂದು. ಒಂದು ಹಿಡಿ.
ಮುಳ್ಳಿಗೆ ಗೊತ್ತೇ ಆಗಲಿಲ್ಲ.
‘ಇದು ಸತ್ತೈತೆ ಸಾಮಿ.
ನಿಂಬಳ ಬೇರೆ, ಸತ್ತಿರಾದು ಬೇರೆ.’

ಆ ಸಂಜೆ ಕೋಣೆಯಲ್ಲಿ ಕೂತು
ನಾನು ಹಾಕಿದ ‘ಇದೆ’ಗಳನ್ನೆಲ್ಲ ನೆನೆಯುತ್ತಾ ಹೋದೆ.
ಎಷ್ಟು ಅಂಗಡಿ, ಎಷ್ಟು ತುಕ್ಕು.
ಅಪ್ಪ ಸತ್ತಾಗ ಹನಿ ಹಾಕದೆ ನಿಂತಿದ್ದ ನನ್ನನ್ನು
‘ಎಂಥಾ ಗಟ್ಟಿಗ’ ಎಂದಿದ್ದರು ಜನ.

ನಿವೃತ್ತನಾದ ಮೇಲೂ ಇಲ್ಲೇ ಉಳಿದೆ,
ಕಾರಣ ಕೇಳಿದರೆ ಅವರೆಕಾಯಿ ಅನ್ನುತ್ತೇನೆ.
ಈಚೆಗೆ ಬಲಗೈ ಅದುರುತ್ತದೆ.
ಬಸಿ ಕಪ್ಪು ಒಂದಕ್ಕೊಂದು ಮಾತಾಡುತ್ತವೆ.
ಡಾಕ್ಟರ ನಮೂನೆಯಲ್ಲೂ ಒಂದು ಕಲಮು,
‘ನಡುಕ: ಇದೆ, ಇಲ್ಲ.’

ಮೊನ್ನೆ ಸೊಗಡಿನ ಕಾಯಿಗೆ ಹೋಗಿದ್ದೆ.
ಪಿಳ್ಳಮ್ಮನ ಮುಂದೆ ಈಗ ಎಲೆಕ್ಟ್ರಾನಿಕ್ ತಕ್ಕಡಿ,
ಕೆಂಪು ಅಂಕಿ ಮೂರರಿಂದ ನಾಲ್ಕಕ್ಕೆ, ನಾಲ್ಕರಿಂದ ಮೂರಕ್ಕೆ.
ಚಿಲ್ಲರೆ ಚಾಚಿದೆ. ಕೈ ತನ್ನ ಆಟ ಶುರುಮಾಡಿತು,
ಒಂದು ನಾಣ್ಯ ಕಾಯಿಯ ರಾಶಿಯೊಳಗೆ ಬಿತ್ತು.
ಹಿಂದೆ ನಿಂತ ಹುಡುಗ ನನ್ನ ಮಣಿಕಟ್ಟು ಹಿಡಿಯಬಂದ.
‘ಇರಪ್ಪ,’ ಅಂದಳು.
ತಾನೂ ಹಿಡಿಯಲಿಲ್ಲ.
ಅಂಗೈ ಒಡ್ಡಿಕೊಂಡು ಕೂತಳು,
ಸಂತೆಯಲ್ಲಿ ಬೇರೆ ಯಾವ ಗಿರಾಕಿಯೂ ಇಲ್ಲದವಳ ಹಾಗೆ.